ಶುಕ್ರವಾರ ಬರುವ ಭಾನುವಾರ

ಇಲ್ಲಿ ನಮ್ಮ ಭಾನುವಾರ ಶುಕ್ರವಾರ ಬರುತ್ತದೆ.
ಒಂದೇ ಹಾಲ್, ಆರು ಭಾಷೆ, ಗಂಟೆಗೊಂದು ಸಭೆ.
ತಮಿಳಿನವರು ಎದ್ದ ಕುರ್ಚಿ ಇನ್ನೂ ಬೆಚ್ಚಗಿರುವಾಗ
ಕನ್ನಡದವರು ನಾವು ಹದಿನೆಂಟು ಜನ ಕೂರುತ್ತೇವೆ,
ಯಾರದೋ ಪ್ರಾರ್ಥನೆಗೆ ಕಾವು ಕೊಡುವ ಹೇಂಟೆಗಳ ಹಾಗೆ.

ನನ್ನದು ಕೊನೆಯ ಸಾಲು, ಎ.ಸಿ. ತೊಟ್ಟಿಕ್ಕುವ ಬದಿ.
ರಾಗ ತಪ್ಪಿಯೂ ಜೋರಾಗಿ ಹಾಡುತ್ತೇನೆಂದು
ಪ್ರಮೀಳಕ್ಕ ತಿರುಗಿ ನೋಡುತ್ತಾರೆ. ನೋಡಲಿ.
ಏಳು ವರ್ಷ ಪುಸ್ತಕ ಹಿಡಿದು ಬಾಯಿ ಮುಚ್ಚಿ ನಿಂತವನು,
ಬಾಕಿ ಉಂಟು ನನ್ನದು.

ಮುಹರ್ರಕ್, ಮೀನು ಮಾರ್ಕೆಟ್ಟಿನ ಹಿಂದಿನ ಓಣಿ,
ಕುಂಞಿಮೊಯ್ದು ಸಾಹೇಬರ ಲಾಂಡ್ರಿ.
ದಿನಕ್ಕೆ ನೂರಾ ನಲವತ್ತು ತೋಬು,
ಕಾಲರಿಗೆ ಗಂಜಿ, ಕೈಗೆ ಗುಳ್ಳೆ.
ಒಂದರ ಕಿಸೆಯಲ್ಲಿ ಸಿಕ್ಕಿತು ಮಡಚಿದ ಕಟ್ಟು:
ನೂರಾ ಇಪ್ಪತ್ತು ದಿನಾರ್.
ಜುಲೈ ತಿಂಗಳು. ಹಬೆಯಲ್ಲಿ ಎದುರಿದ್ದವರೂ ಕಾಣರು.
ದೇವರಿಗೂ ಕಾಣದು ಎಂದುಕೊಂಡೆ.

ಕಳಕೊಂಡವರು ಬಂದು ಕೇಳಿದಾಗ
ಸಾಹೇಬರ ಕಣ್ಣು ಶಫಿಕುಲನ ಮೇಲೆ ಹೋಯಿತು.
ನೌಖಾಲಿಯ ಹುಡುಗ, ಬಂದು ನಾಲ್ಕೇ ತಿಂಗಳು,
ಭಾಷೆ ಬಾರದು, ಆಣೆ ಹಾಕಲೂ ಬಾರದು.
ನನ್ನ ಕಣ್ಣು ಇಸ್ತ್ರಿಯ ಮೇಲೆಯೇ ಇತ್ತು.
ಒಂದೇ ತೋಳನ್ನು ಎಷ್ಟು ಹೊತ್ತು ಒತ್ತಿದೆನೋ,
ಎತ್ತುವಾಗ ಕಂದು ಬಣ್ಣದ ಗುರುತು, ದೋಣಿಯಾಕಾರ.
ಸೋಮವಾರದ ವಿಮಾನಕ್ಕೆ ಅವನನ್ನು ಹತ್ತಿಸಿದರು.

ಹಿಮದಷ್ಟು ಬೆಳ್ಳಗಾಗುತ್ತದೆ, ಪಾಸ್ಟರರು ಹೇಳುವುದುಂಟು.
ಹಿಮ ಎಂದರೆ ನನಗೆ ಫ್ರಿಜ್ಜಿನ ಒಳಗೋಡೆ, ಅಷ್ಟೇ.
ಕಲೆ ಎಂದರೆ ಗೊತ್ತು.
ದಾಳಿಂಬೆಯದು ಹೋಗುವುದಿಲ್ಲ.
ಊದ್ ಎಣ್ಣೆಯದು ಹೋದ ಹಾಗೆ ಮಾಡಿ ಬಿಸಿಲಿಗೆ ಮರಳುತ್ತದೆ.
ಇಸ್ತ್ರಿ ಸುಟ್ಟದ್ದು ಕಲೆಯೇ ಅಲ್ಲ, ಬಟ್ಟೆಯೇ ಹೋದದ್ದು.
ಬಿಲ್ಲಿನ ಹಿಂದೆ ಅಚ್ಚು ಹಾಕಿಸಿದ್ದೇವಲ್ಲ,
ಕಲೆಗಳಿಗೆ ಅಂಗಡಿ ಜವಾಬ್ದಾರಿಯಲ್ಲ.
ನಿನ್ನ ಅಂಗಡಿಯೂ ಹಾಗೇ ಇರಬೇಕೆಂದು
ನನ್ನನ್ನು ನಾನು ಮೂಟೆ ಕಟ್ಟಿ ಮೂಲೆಗಿಟ್ಟೆ.

ಹೋದ ಈದಿನ ಹಿಂದಿನ ರಾತ್ರಿ, ಎರಡು ಗಂಟೆ.
ಹಲ್ವದ ಜಾಸಿಂ ಮುದುಕ ಬಟ್ಟೆ ಒಯ್ಯಲು ಬಂದ.
ಮೈಮೇಲಿತ್ತು ಆ ತೋಬು. ತೋಳಿನಲ್ಲಿ ಆ ದೋಣಿ.
"ಬಾಬಾ, ಅದು ನಾನು ಸುಟ್ಟದ್ದು. ಬಿಸಾಡಲಿಲ್ಲವಾ?"
ಮುದುಕ ತೋಳು ಎತ್ತಿ ನೋಡಿದ,
ಮೊದಲ ಸಲ ನೋಡುವವನ ಹಾಗೆ.
"ನನ್ನದಲ್ಲವಾ," ಅಂದ. "ಈಗ ಮೆತ್ತಗಾಗಿದೆ."
ಇಷ್ಟು ಹಲ್ವ ಕೊಟ್ಟು ಹೋದ.

ಅಷ್ಟೇ. ಬೆಳಕು ಬೀಳಲಿಲ್ಲ, ದನಿ ಕೇಳಲಿಲ್ಲ.
ಹಲ್ವ ಹಲ್ಲಿಗೆ ಅಂಟಿ ಬಾಯಿ ಬಿಡಲಾಗದೆ
ಬಟ್ಟೆ ರಾಶಿಯ ಮೇಲೆ ಕುಸಿದು ಕೂತೆ.
ಬಿಳಿ ಮಾಡುವೆ ಎಂದು ನೀನು ಹೇಳಿದ್ದಿರಬಹುದು, ಸ್ವಾಮಿ.
ನನಗೆ ತಿಳಿದದ್ದು ಬೇರೆ:
ನೀನು ಕಾದು ಕೂರಲಿಲ್ಲ,
ಸುಟ್ಟ ತೋಳಿನ ಸಮೇತ ತೊಟ್ಟುಕೊಂಡು
ಪೇಟೆಯಲ್ಲಿ ತಿರುಗುತ್ತಾ ಇದ್ದೆ,
ಏಳು ವರ್ಷವೂ.

ಸಾಹೇಬರಿಗೆ ಬೆಳಿಗ್ಗೆಯೇ ಹೇಳಿದೆ.
ಅವರು ಬೈಯಲಿಲ್ಲ, ಮೂರು ವಾರ ಮಾತೂ ಆಡಲಿಲ್ಲ.
ಸಂಬಳದಲ್ಲಿ ಹಿಡಿಯುತ್ತಿದ್ದಾರೆ, ಹಿಡಿಯಲಿ.
ಶಫಿಕುಲ ಎರಡು ಸಲ ಫೋನು ಇಟ್ಟುಬಿಟ್ಟ.
ಮೂರನೆಯ ಸಲ ತುಂಬ ಹೊತ್ತು ಸುಮ್ಮನಿದ್ದು ಕೇಳಿದ:
"ಎಡಗಡೆಯ ಪ್ರೆಸ್ಸಿನ ಸ್ಪ್ರಿಂಗು ಸರಿ ಮಾಡಿಸಿದರಾ?"
"ಇಲ್ಲ ಮಾರಾಯ."
ಅತ್ತನೋ ನಕ್ಕನೋ, ಲೈನು ಸರಿ ಇರಲಿಲ್ಲ.

ತಿಂಗಳಿಗೆ ಹದಿನೈದು ದಿನಾರ್ ಕಳಿಸುತ್ತೇನೆ ಅವನಿಗೆ.
ಕ್ಷಮೆಯ ಕಂತಲ್ಲ ಅದು.
ಕ್ಷಮೆ ಒಮ್ಮೆಗೇ ಬಂತು, ರಸೀದಿ ಇಲ್ಲದೆ.
ಇದು ಕೈಯಲ್ಲಿ ಉಳಿದ ಚಿಲ್ಲರೆ.

ಕೂಟ ಮುಗಿದು ಹೊರಬಂದರೆ ನಲವತ್ತಾರು ಡಿಗ್ರಿ.
ಮಸೀದಿಗೆ ಹೊರಟ ತೋಬುಗಳ ಸಾಲು,
ಅರ್ಧ ನಾನೇ ತಿಕ್ಕಿದವು, ಮಡಿಕೆಯಲ್ಲೇ ಗುರುತು ಸಿಗುತ್ತದೆ.
ಸುಮ್ಮನೆ ನಗು ಬರುತ್ತದೆ ನನಗೆ.

"ಜಯಶೀಲಾ, ಇಸ್ತ್ರಿಯವನಾಗಿ ಇದೆಂತ ಅಂಗಿ, ಮುದ್ದೆ ಮುದ್ದೆ!"
ಪ್ರಮೀಳಕ್ಕನ ಬೈಗುಳ.
ಇರಲಿ ಅಕ್ಕ.
ತೊಟ್ಟವನಿಗೆ ಗೊತ್ತು,
ಮೆತ್ತಗುಂಟು.