ಇಪ್ಪತ್ತು ಪುಟ ಮುಂದೆ

ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನ ಮಹಡಿ.
ಹೋದ ವರ್ಷದವರೆಗೆ ಖಾಲಿ ಗೋಣಿ ಪೇರಿಸುತ್ತಿದ್ದ ಕೋಣೆ;
ಈಗ ನಾಲ್ಕು ಕಂಪ್ಯೂಟರು, ಮೂರು ಫೋನು, ಒಂದು ಬಿಳಿ ಹಲಗೆ.
ಗೋಡೆಗಿನ್ನೂ ಸೆಣಬಿನ ವಾಸನೆ.

ಕಲಿಸುವವಳು ನಾನು.
ಹೊಸ ಸಿಸ್ಟಮ್ಮಿನ ಮುನ್ನೂರು ಪುಟದ ಕೈಪಿಡಿಯಲ್ಲಿ
ನಾನಿರುವುದು ತೊಂಬತ್ತನೆಯ ಪುಟದಲ್ಲಿ,
ಇವರು ಎಪ್ಪತ್ತರಲ್ಲಿ.
ಆ ಇಪ್ಪತ್ತು ಪುಟಕ್ಕೇ ನನಗೆ ಮೇಡಂ ಎಂಬ ಹೆಸರು.

ಮೂವರು. ಸಿದ್ದಾಪುರದ ಸಫಿಯ,
ಹೇಳುವ ಮೊದಲೇ ಬರೆದುಕೊಳ್ಳುವವಳು.
ಚೆಟ್ಟಳ್ಳಿಯ ಜೋಯಪ್ಪ, ಎಲ್ಲದಕ್ಕೂ ಹೂಂ ಎನ್ನುವವ;
ಆ ಹೂಂ ಕೇಳಿದರೇ ನನಗೆ ಭಯ.
ಮತ್ತೆ ಕೆಳಗಿನ ಕಾಟಾದಿಂದ ಮೇಲೆ ಬಂದ ಮುರುಗೇಶಣ್ಣ.
ಇಪ್ಪತ್ತಾರು ವರ್ಷ ಮೂಟೆ ತೂಗಿದ ಕೈ.
ಮಂಡಿ ಸವೆದ ಮೇಲೆ ಮಾಲೀಕರು ಮೌಸ್ ಕೊಟ್ಟರು.
ಅದನ್ನವರು ಮೊದಲು ಅಂಗೈಯಲ್ಲಿಟ್ಟು ತೂಗಿದರು:
ನೂರು ಗ್ರಾಮೂ ಇಲ್ಲ.

ಈ ಸಿಸ್ಟಂ ಹುಟ್ಟಿದ್ದು ಸಿಮೆಂಟಿನ ಅಂಗಡಿಗಂತೆ.
ಕಾಫಿಗೆ ಬಂದರೂ ತವರಿನ ಮಾತು ಬಿಟ್ಟಿಲ್ಲ.
ಪಾರ್ಚ್‌ಮೆಂಟ್ ಮೂಟೆಗೂ ಕೇಳುತ್ತದೆ, ಯಾವ ಬ್ರ್ಯಾಂಡು?
ಚೆರಿಯ ತೇವ ಹನ್ನೊಂದು ಎಂದರೆ ಕೆಂಪಗಾಗಿ ಬಯ್ಯುತ್ತದೆ:
ಸರಕು ಕಲ್ಲಾಗಿದೆ, ವಾಪಸು ಕಳಿಸಿ.

"ಅಲ್ಲಿ ಸೊನ್ನೆ ಹಾಕಿ. ಹನ್ನೊಂದನ್ನು ಟಿಪ್ಪಣಿಯಲ್ಲಿ ಬರೆಯಿರಿ."
"ಸುಳ್ಳು ಬರೆಯೋದಾ ಮೇಡಂ?" ಸಫಿಯಳ ಪೆನ್ನು ನಿಂತಿತು.
ಸುಳ್ಳಲ್ಲ ಮಾರಾಯ್ತಿ, ದಾರಿ,
ಎಂದು ಹಲಗೆಯ ಮೇಲೆ ದೊಡ್ಡದೊಂದು ಸೊನ್ನೆ ಬರೆದೆ.

ಆಮೇಲೆ ಹೆಸರಿನ ಪುಟ.
ಮೊದಲ ಹೆಸರು, ಕೊನೆಯ ಹೆಸರು, ಎರಡೇ ಖಾನೆ.
ಕಟ್ಟಿದವರ ಊರಲ್ಲಿ ಮನುಷ್ಯ ಮೊದಲು, ಮನೆತನ ಆಮೇಲೆ.
ಇಲ್ಲಿ ಮನೆ ಮುಂದೆ ನಡೆಯುತ್ತದೆ,
ಮನುಷ್ಯ ಅದರ ಹಿಂದೆ.
ಹಳೆ ಲೆಜರಿನಿಂದ ಎತ್ತಿ ಸುರಿಯುವಾಗ
ದಾರಿಯಲ್ಲೆಲ್ಲೋ ಮನೆಗಳೆಲ್ಲ ಉದುರಿ
ಉಳಿದವರು ಅರವತ್ತೊಂದು ಜನ ನಂಜಪ್ಪ.

ಹತ್ತೂಮುಕ್ಕಾಲಿಗೆ ಫೋನು ಬಡಿದುಕೊಂಡಿತು.
ನಾಳೆ ಶುರುವಾಗಬೇಕಿದ್ದ ಸಹಾಯವಾಣಿ;
ನಂಬರು ಡಿಪೋಗಳಿಗೆ ನಿನ್ನೆಯೇ ಹೋಗಿದೆ.
ನಾಪೋಕ್ಲಿನಿಂದ: ಲಾರಿ ನಿಂತಿದೆ, ಬಿಲ್ಲು ಬರ್ತಿಲ್ಲ,
ನಂಜಪ್ಪನವರು ಕೌಂಟರಿಗೆ ಮೊಣಕೈ ಊರಿದ್ದಾರೆ.

ಜೋಯಪ್ಪ ಎತ್ತಿದ. ಹೂಂ, ಎಂದ. ಹೂಂ.
ಮೂರನೆಯ ಹೂಂಗೆ ನನ್ನತ್ತ ನೋಡಿದ.
ಕೈಪಿಡಿ ತಿರುವಿದೆ. ಉತ್ತರವಿದ್ದರೆ ಅದು
ನೂರಾನಲವತ್ತರ ಆಚೆ ಎಲ್ಲೋ,
ನಾನಿನ್ನೂ ಕಾಲಿಡದ ಕಡೆ.

ಮುರುಗೇಶಣ್ಣ ಕೈ ಚಾಚಿ ಫೋನು ತಗೊಂಡರು.
"ಯಾವ ನಂಜಪ್ಪ? ಗೇಟಿಗೆ ಜೀಪು ಅಡ್ಡ ನಿಲ್ಲಿಸೋರಾ,
ಮೂಟೆಗೆ ನೀಲಿ ದಾರ ಹೊಲಿಯೋರಾ?
ಹಾಗಾದರೆ ಖಾತೆ ನಾನೂರ ಹನ್ನೆರಡು.
ಅವರ ಮೂಟೆ ಯಾವಾಗಲೂ ಅರ್ಧ ಕಿಲೋ ಹೆಚ್ಚೇ ತೂಗಿದ್ದು, ಕಮ್ಮಿ ಇಲ್ಲ.
ಬಿಲ್ಲು ಯಾಕೆ ಬರ್ತಿಲ್ಲ, ನಂಗೆ ಗೊತ್ತಿಲ್ಲ.
ಮೇಡಂಗೂ ಗೊತ್ತಿಲ್ಲ.
ಲೈನಲ್ಲೇ ಇರಿ. ಒಟ್ಟಿಗೆ ಹುಡುಕುವ."

ಮೇಡಂಗೂ ಗೊತ್ತಿಲ್ಲ.
ನನ್ನ ಕಿವಿ ಬಿಸಿಯಾಯಿತು. ಆಮೇಲೆ, ಯಾಕೋ,
ಕುರ್ಚಿ ಎಳೆದು ಅವರ ಪಕ್ಕ ಕೂತೆ.

ಒಂದು ಪರದೆಗೆ ನಾಲ್ಕು ತಲೆ. ಇಪ್ಪತ್ತೇಳು ನಿಮಿಷ.
ಮೆನು ಒಳಗೆ ಮೆನು, ಅದರೊಳಗೆ ಮತ್ತೊಂದು.
ಜೋಯಪ್ಪ ಮೊದಲ ಸಲ ಊಹೂಂ ಎಂದ:
"ಊಹೂಂ, ಅರ್ಥ ಆಗಿಲ್ಲ. ಅಲ್ಲಿ ಇವತ್ತು ಯಾವ ತಾರೀಕು?"
ಕೇಳಿದೆವು.
ನಾಪೋಕ್ಲು ಡಿಪೋದ ಕಂಪ್ಯೂಟರಿನಲ್ಲಿ
ಇನ್ನೂ ಹೋದ ವರ್ಷ ನಡೆಯುತ್ತಿತ್ತು.

ಸಂಜೆ ಹಲಗೆ ಒರೆಸಿದೆ. ಎಲ್ಲ ಹೋಯಿತು,
ಸೊನ್ನೆ ಮಾತ್ರ ಹೋಗಲಿಲ್ಲ.
ಅಳಿಸಲಾಗದ ಪೆನ್ನು ಅದು, ನಾನು ನೋಡಿರಲಿಲ್ಲ.
ಸ್ಪಿರಿಟ್ ತರಬೇಕು ನಾಳೆ.

ಕೆಳಗಿಳಿದರೆ ಕಣದಲ್ಲಿ ಚೆರಿ ರಾಶಿ ಮಾಡುತ್ತಿದ್ದರು.
ಮುರುಗೇಶಣ್ಣ ಬಗ್ಗಿ, ಮಂಡಿ ಹಿಡಿದುಕೊಂಡೇ,
ಒಂದು ಕಾಯಿ ಸುಲಿದು ಬೀಜ ಹಲ್ಲಿಗಿಟ್ಟರು.
ಕಟಕ್.
"ಹನ್ನೊಂದು," ಎಂದರು, ಯಾರೂ ಕೇಳದೆ.
ಸಫಿಯ ನಿಂತು ಬರೆದುಕೊಂಡಳು.