ವಾರಕ್ಕೆ ಎಷ್ಟು ಝಲ್

ಬ್ರನ್ಸ್‌ವಿಕ್ ಡಿಪೋದ ಮೇಲಂತಸ್ತು, ಮಂಗಳವಾರ, ಮಧ್ಯಾಹ್ನ ಎರಡು.
ಏಳು ಕುರ್ಚಿ ದುಂಡಗೆ. ನಡುವೆ ಮೇಜಿಲ್ಲ,
ಕೈ ಎಲ್ಲಿಡಬೇಕೆಂದು ಯಾರಿಗೂ ತಿಳಿಯದು.
ಕೆಳಗೆ ಹತ್ತೊಂಬತ್ತನೇ ನಂಬರಿನ ಟ್ರಾಮು
ತಿರುವಿನಲ್ಲಿ ಹಲ್ಲು ಕಡಿಯುತ್ತದೆ.
ನಾವೂ.

ಫಿಲಿಪಾ ಅಂತ, ಕಂಪನಿ ಕಳಿಸಿದ ಸಮಾಲೋಚಕಿ.
ಉಸಿರೆಳೆದುಕೊಳ್ಳಿ, ನಾಲ್ಕೆಣಿಸಿ, ಬಿಡಿ ಅಂದಳು.
ಎಳೆದುಕೊಂಡೆವು.
ಬಿಡುವುದಕ್ಕೆ ಮೂರು ವಾರ ಹಿಡಿಯಿತು.

ಮೊದಲ ವಾರ ಡ್ಯೂಟಿ ಪಟ್ಟಿಯನ್ನು ಬೈದೆವು,
ಎರಡನೇ ವಾರ ಬಿಸ್ಕತ್ತನ್ನು.
ಮೂರನೇ ವಾರ ಥಾನಾಸಿಸ್, ಇಪ್ಪತ್ತಾರು ವರ್ಷದ ಸರ್ವಿಸು,
ತನ್ನ ಬೂಟನ್ನೇ ನೋಡುತ್ತ ಹೇಳಿದ:
ಹೆಂಡತಿ ಬೇರೆ ಕೋಣೆಯಲ್ಲಿ ಮಲಗುತ್ತಾಳೆ.
ಜಗಳವಲ್ಲ. ನಿದ್ದೆಯಲ್ಲಿ ನನ್ನ ಕಾಲು
ಗಂಟೆಯ ಪೆಡಲು ಒತ್ತುತ್ತದೆ,
ಅವಳ ಮೊಣಕಾಲಿನ ಮೇಲೆ.

ಯಾರೂ ನಗಲಿಲ್ಲ.
ಆಮೇಲೆ ಬ್ರಾನ್ವಿನ್, ನನ್ನದು ಮಂಚದ ಪಟ್ಟಿಗೆ, ಅಂದಳು.
ಅಬ್ಶಿರ್ ಕಾಲುಚೀಲ ಕಳಚಿ ಹೆಬ್ಬೆರಳ ಉಗುರು ತೋರಿಸಿದ:
ಕಪ್ಪಾಗಿತ್ತು.
ಆಗ ನಕ್ಕೆವು ನೋಡಿ,
ಕೆಳಗಿನ ಫಿಟ್ಟರು ಮೆಟ್ಟಿಲು ಹತ್ತಿ ಇಣುಕುವಷ್ಟು.

ನನ್ನ ಸರದಿ.
ಬೆಲ್ ಸ್ಟ್ರೀಟ್ ಮೂಲೆ, ಎಂದೆ. ಕೆಂಪು ಮಳೆಕೋಟಿನ ಹುಡುಗ, ಕಿವಿಯಲ್ಲಿ ಹಾಡು.
ಏನೂ ಆಗಲಿಲ್ಲ. ಒಂದು ಗೇಣು ಉಳಿದಿತ್ತು.
ತಿರುಗಿ ಕೂಡ ನೋಡದೆ ದಾಟಿ ಹೋದ.
ಏನೂ ಆಗದ್ದಕ್ಕೆ ತುಂಬಿಕೊಡುವ ಫಾರ್ಮಿಲ್ಲ,
ಮುಂದಿನ ಸ್ಟಾಪನ್ನು ಸಮಯಕ್ಕೆ ಸರಿಯಾಗಿ ಮುಟ್ಟಿದೆ.

ಆಗ ಏನನ್ನಿಸಿತು? ಫಿಲಿಪಾ ಕೇಳಿದಳು.
ಇಂಗ್ಲಿಷನ್ನೆಲ್ಲ ತಡಕಿದೆ. ಭಯವೇ? ಅಲ್ಲ.
ಶಾಕೇ? ಅದು ಕರೆಂಟಿನದು.
ಕೊನೆಗೆ ನಮ್ಮವ್ವನ ಮಾತೇ ಬಾಯಿಗೆ ಬಂತು:
ಎದೆ ಝಲ್ ಅಂತು.

ಝಲ್?
ಝಲ್.

ಥಾನಾಸಿಸ್ ಎದೆಯ ಮೇಲೆ ಅಂಗೈಯಿಟ್ಟು
ಹೊಸ ಹಲ್ಲುಸೆಟ್ಟು ಹಾಕಿಸಿಕೊಂಡವನಂತೆ
ಮೆಲ್ಲಗೆ ನುಡಿದ: ಜಲ್.
ಮಹಾಪ್ರಾಣ ಬರಲಿಲ್ಲ.
ಪ್ರಾಣ ಬಂದಿತ್ತು.

ಈಗ ಪ್ರತಿ ಮಂಗಳವಾರ ಲೆಕ್ಕ ಒಪ್ಪಿಸುತ್ತೇವೆ.
ಬ್ರಾನ್ವಿನ್‌ಗೆ ಎರಡು. ಅಬ್ಶಿರ್‌ಗೆ ಒಂದು, ಅದೂ ಒಂದು ನಾಯಿಯ ದೆಸೆಯಿಂದ.
ನಾನೇನೂ ವಾಸಿಯಾಗಿಲ್ಲ. ಬೆಲ್ ಸ್ಟ್ರೀಟ್ ಬಂದರೆ
ಅಂಗೈ ಇನ್ನೂ ಬೆವರುತ್ತದೆ.
ಎದುರಿನಿಂದ ಥಾನಾಸಿಸನ ಟ್ರಾಮು ಬಂದಾಗ
ಗಾಜಿನಾಚೆ ಅವನು ಬೆರಳೆತ್ತುತ್ತಾನೆ, ಒಂದೋ, ಎರಡೋ.
ನಾನೂ ಎತ್ತುತ್ತೇನೆ.
ಹಿಂದೆ ಕೂತವರು ಅಂದುಕೊಳ್ಳುತ್ತಾರೆ,
ನಮಸ್ಕಾರವಿರಬೇಕು.