ಒಕ್ಕಲು ಬದಲು

ಹಿಟ್ಟಿನ ವಾಸನೆ ಮೊದಲು ಬಂತು, ಆಮೇಲೆ ಎತೇರಿ.
ಲ್ಯಾಪ್‌ಟಾಪನ್ನು ಬಿಸಿ ರೊಟ್ಟಿಯ ಹಾಗೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು.
ಕುತೈಸಿಯ ಈ ಮೆಟ್ಟಿಲ ಕೆಳಗಿನ ನನ್ನ ಅಂಗಡಿಯಲ್ಲಿ
ಇಬ್ಬರು ಕೂತರೆ ಮೂರನೆಯವರು ಕೆಮ್ಮುವಂತಿಲ್ಲ.

"ಜುಂಬೇರ್, ನಾನು ಅರ್ಹಳಲ್ಲವಂತೆ."
"ನೀನಲ್ಲ, ಯಂತ್ರ. ಹೊಸ ವಿಂಡೋಸ್ ಇದರೊಳಗೆ ಕಾಲಿಡುವುದಿಲ್ಲ."
"ಹನ್ನೊಂದು ವರ್ಷ ಕಾಲು ಚಾಚಿ ಕೂತವನು
ಈಗ ಮನೆ ಚಿಕ್ಕದು ಅನ್ನುತ್ತಾನೋ?
ಖಾಲಿ ಮಾಡಿಸು."

ಖಾಲಿ ಮಾಡಿಸುವುದೇ ನನ್ನ ಕಸುಬು.
ಪೆನ್‌ಡ್ರೈವಿನಲ್ಲಿ, ಹೆಬ್ಬೆರಳಿನಷ್ಟು ಜಾಗದಲ್ಲಿ,
ಹೊಸ ಒಕ್ಕಲು ಕಾಯುತ್ತಿತ್ತು: ಲಿನಕ್ಸ್.
ಮುಂಗಡ ಕೇಳುವುದಿಲ್ಲ, ಹಾಸಿಗೆ ತಾನೇ ತರುತ್ತದೆ.

ಮೊದಲು ಸಾಮಾನು ಇಳಿಸಬೇಕು.
ಫೋಟೋ? ಬೇಕು.
ತಂಗಿಯ ಮದುವೆ ವಿಡಿಯೋ? ಬೇಕು, ಗಂಡು ಬೇಡ.
ಹಾಗೆ ಬರುವುದಿಲ್ಲ ಎಂದೆ. ಹಾಳಾಗಲಿ, ಇರಲಿ.
'ಹೊಸ ಫೋಲ್ಡರ್', ಅದರೊಳಗೆ 'ಹೊಸ ಫೋಲ್ಡರ್ ಎರಡು',
ಅದರೊಳಗೆ ಒಂದೇ ಒಂದು ಹಾಳೆ: 'ಸಾಲ'.

ತೆರೆದೆ. ಇಡೀ ಬೀದಿ ಅಲ್ಲಿತ್ತು.
ಚಳಿಗಾಲ ಪೂರ್ತಿ ಬರೆಸಿ ಒಯ್ದ ರೊಟ್ಟಿ.
ಔಷಧಿ ಅಂಗಡಿಯ ತ್ಸಿಸಾನಾ, ಹದಿನೇಳು.
ಮೂರನೇ ಮಹಡಿಯ ಪಿಯಾನೋ ಮೇಷ್ಟ್ರು, ಅರವತ್ತು.
ಕೆಳಗೆ, ಹಳದಿ ಬಳಿದ ಸಾಲಿನಲ್ಲಿ,
ಜುಂಬೇರ್, ನಲವತ್ತೆರಡು.

ನಾನು ಸ್ಕ್ರೂಡ್ರೈವರ್ ಹುಡುಕಿದೆ. ಅದು ಕೈಯಲ್ಲೇ ಇತ್ತು.
"ಇದು?" ಎಂದೆ, ಬೇರೆ ಯಾರದೋ ಗಂಟಲಲ್ಲಿ.
ಒಲೆಯೊಳಗೆ ಬಗ್ಗಿ ನೋಡುವ ಹಾಗೆ ಅವಳು ಪರದೆ ನೋಡಿದಳು,
ಹುಬ್ಬು ಸುಟ್ಟುಕೊಂಡವರು ಮಾತ್ರ ಹಾಗೆ ನೋಡುತ್ತಾರೆ.
"ಇಳಿಸಬೇಡ."

ಭಾಷೆ ಆರಿಸಿ, ಎಂದಿತು ಹೊಸದು.
ಮಾರುದ್ದ ಪಟ್ಟಿ. ಬಾಣದ ಗುಂಡಿ ಒತ್ತುತ್ತಾ ಒತ್ತುತ್ತಾ
ದುಂಡನೆಯ ಅಕ್ಷರ ಕಂಡು "ಹಾಂ, ನಮ್ಮದು!" ಎಂದಳು.
ನಮ್ಮದಲ್ಲ. ಕನ್ನಡ ಅಂತ ಯಾವುದೋ.
ಅದೂ ಹಿಟ್ಟು ನಾದಿ ಮಾಡಿದ ಹಾಗೇ ಇದೆ, ಮೂಲೆಯೇ ಇಲ್ಲ.
ನಮ್ಮದು ಮೇಲಿತ್ತು, ದಾಟಿ ಬಂದಿದ್ದೆವು.
"ಅಲ್ಲೂ ಯಾರೋ ರೊಟ್ಟಿ ಬರೆಸಿ ಒಯ್ಯುತ್ತಿರಬೇಕು," ಎಂದಳು.

ಆಮೇಲೆ ಆ ಪ್ರಶ್ನೆ ಬಂತು:
ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮರಳಿ ಸಿಗದು. ಮುಂದುವರಿಯಲೆ?
ಈ ಪ್ರಶ್ನೆಗೆ ಇಲ್ಲಿ ಗಟ್ಟಿ ಆಳುಗಳು ಬೆವರಿದ್ದಾರೆ.
ಒಬ್ಬ ಸಿಗರೇಟು ಸೇದಿ ಬರುತ್ತೇನೆಂದು ಹೊರಗೆ ಹೋದವನು
ಬರಲೇ ಇಲ್ಲ; ಅವನ ಯಂತ್ರ ಆ ಕಪಾಟಿನಲ್ಲಿದೆ.
ಎತೇರಿ ಏಪ್ರನ್ನಿಗೆ ಕೈ ಒರೆಸಿಕೊಂಡು
ತಾನೇ ಒತ್ತಿದಳು.

"ಯಂತ್ರ ನುಂಗಿತು ಅಂತೇನೆ. ಅದನ್ನೇ ಬಯ್ಯಲಿ.
ಕೊಡಬೇಕಾದವರು ಆಚೆ ಬದಿಯಲ್ಲಿ ನಡೆಯುತ್ತಾರೆ, ಜುಂಬೇರ್.
ಬೀದಿಯ ಈ ಬದಿ ಖಾಲಿಯಾಗಿದೆ."

ಹನ್ನೊಂದು ವರ್ಷ ಏದುಸಿರು ಬಿಟ್ಟ ಫ್ಯಾನು
ಥಟ್ಟನೆ ಸುಮ್ಮನಾಯಿತು.
ಸತ್ತಿತೋ ಎಂದು ಇಬ್ಬರೂ ಬಗ್ಗಿ ಆಲಿಸಿದೆವು.
ಇಲ್ಲ. ಪಾಸ್‌ವರ್ಡ್ ಕೇಳುತ್ತಿತ್ತು.

ವೈಫೈ ಮಾತ್ರ ಏಳಲಿಲ್ಲ, ನಾಳೆ ಡ್ರೈವರ್ ಹುಡುಕಬೇಕು.
ಅಂಗೈ ಊರುವಲ್ಲಿನ ಆ ನಾಲ್ಕು ಕಿಟಕಿಯ ಚೀಟಿ
ಉಗುರಿಗೆ ಬರಲಿಲ್ಲ, ಚಾಕುವಿಗೂ ಬರಲಿಲ್ಲ;
ಹಳೆಯವನ ಹೆಸರು ಬಾಗಿಲಲ್ಲೇ ಉಳಿಯಿತು.

"ಕೂಲಿ ಎಷ್ಟು?"
ನಲವತ್ತೆರಡು ಎಂದು ಬಾಯಿಗೆ ಬಂದದ್ದನ್ನು ನುಂಗಿ
"ವೈಫೈ ಬರಲಿ, ನೋಡೋಣ," ಎಂದೆ.
ಅವಳು ಚೀಲದಿಂದ ಒಂದು ರೊಟ್ಟಿ ತೆಗೆದು
ಕೀಬೋರ್ಡುಗಳ ರಾಶಿಯ ಮೇಲಿಟ್ಟಳು.
"ಬರೆದುಕೋ," ಎಂದಳು,
"ನನ್ನ ಹತ್ತಿರ ಈಗ ಲೆಕ್ಕವಿಲ್ಲ."